ಕಲ್ಲಿಗೆ ದಾಖಲೆ

ನಮ್ಮತ್ತೆಯ ಎಡಗೈಯಲ್ಲಿ ಮೂರೇ ಬೆರಳು. ಇನ್ನೆರಡನ್ನು ಒಂದು ಕಲ್ಲು ತಿಂದಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ನೆಲದಲ್ಲಿ ಕಲ್ಲೇ ಇರಲಿಲ್ಲ ಎಂದು ಭೂಮಿ ಆಫೀಸಿನ ಸಾಹೇಬರು ಬರೆದರು.

ನನ್ನನ್ನು ಕೇರಿಯಲ್ಲಿ ಗಟ್ಟಿಬಾಯಿ ಎನ್ನುತ್ತಾರೆ. ಎನ್ನಲಿ. ಮೆತ್ತಗೆ ಮಾತಾಡಿದವರಿಗೆ ಏನು ಸಿಕ್ಕಿದೆ ಎಂದು ನಾನೂ ನೋಡಿದ್ದೇನೆ. ನನ್ನ ಗಂಡ ಮೆತ್ತಗಿನ ಮನುಷ್ಯ. ಅವನಿಗೆ ಈ ಜನ್ಮದಲ್ಲಿ ಸಿಕ್ಕಿದ್ದು ನಾನೊಬ್ಬಳೇ.

ಕೇರಿಯಿಂದ ಅರ್ಧ ಗಂಟೆ ನಡೆದರೆ ಗುಡ್ಡದ ಬುಡ. ಅಲ್ಲಿ ಇಪ್ಪತ್ತೆರಡು ಎಕರೆ ಸರ್ಕಾರಿ ನೆಲ. ಹನ್ನೆರಡು ವರ್ಷದ ಹಿಂದೆ ಅಲ್ಲಿ ಮೇಕೆ ಕೂಡ ಕಾಲಿಡುತ್ತಿರಲಿಲ್ಲ. ನೆಲ ಎಂದರೆ ಕಲ್ಲು, ಕಲ್ಲಿನ ಸಂದಿಯಲ್ಲಿ ಮುಳ್ಳು, ಮುಳ್ಳಿನ ಬುಡದಲ್ಲಿ ಹಾವು. ಯಾರಿಗೂ ಬೇಡವಾಗಿತ್ತು. ಯಾರಿಗೂ ಬೇಡವಾದದ್ದು ತಾನೆ ಕೊನೆಗೆ ನಮ್ಮ ಪಾಲಿಗೆ ಬರುವುದು? ಹನ್ನೊಂದು ಮನೆಯವರು ಇಳಿದೆವು. ಹಗ್ಗ ಎಳೆದು ಮನೆಗೆ ಎರಡೆಕರೆ ಎಂದು ಹಂಚಿಕೊಂಡೆವು. ಹನ್ನೊಂದು ಮನೆಯಲ್ಲಿ ಒಬ್ಬರ ಹೆಸರಿನಲ್ಲೂ ಒಂದು ಗೇಣು ಭೂಮಿ ಇರಲಿಲ್ಲ. ಸತ್ತರೆ ಹೂಳುವುದಕ್ಕೂ ಇನ್ನೊಬ್ಬರನ್ನು ಕೇಳಬೇಕು.

ಹಗಲೆಲ್ಲ ಪಕ್ಕದ ದಣಿಯ ಹೊಲದಲ್ಲಿ ಕೂಲಿ. ದಣಿಗೆ ನೂರೆಕರೆ. ಅವನ ಹೊಲದ ಬೇಲಿ ಮುಗಿದಲ್ಲಿ ನಮ್ಮ ಕಲ್ಲು ಶುರು. ಅವನ ಕೆಲಸಕ್ಕೆ ಹೋಗುವ ಮುಂಚೆ ಎರಡು ತಾಸು, ಬಂದ ಮೇಲೆ ಕಣ್ಣು ಕಾಣುವವರೆಗೆ ನಮ್ಮ ಕೆಲಸ. ಹಾರೆ ಹಾಕಿ ಮೀಟಬೇಕು. ಗುದ್ದಲಿಯಲ್ಲಿ ಬುಡ ಬಿಡಿಸಬೇಕು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಕಲ್ಲು. ಕತ್ತು ಭುಜದೊಳಗೆ ಇಳಿಯುತ್ತಿತ್ತು. ಮೂರನೇ ವರ್ಷಕ್ಕೆ ನನ್ನ ನೆತ್ತಿಯ ಕೂದಲು ಸಿಂಬಿಯಷ್ಟು ಅಗಲಕ್ಕೆ ದುಂಡಗೆ ಉದುರಿತು. ಇವತ್ತಿಗೂ ಬೆಳೆದಿಲ್ಲ. ಸೆರಗು ಮುಚ್ಚಿಕೊಂಡು ಓಡಾಡುತ್ತೇನೆ.

ಅತ್ತೆ ಒಂದು ಕಟ್ಟಳೆ ಮಾಡಿದ್ದಳು. ಹೊಲದೊಳಗೆ ಕಾಲಿಟ್ಟವರು ಬರಿಗೈಯಲ್ಲಿ ಹೊರಗೆ ಬರಬಾರದು. ಒಂದಾದರೂ ಕಲ್ಲು ತರಬೇಕು, ಅಂಚಿನ ಗುಡ್ಡೆಗೆ ಹಾಕಬೇಕು. ಬುತ್ತಿ ತಂದವರಿಗೂ ಇದೇ, ಸುಮ್ಮನೆ ಮಾತಾಡಿಸಲು ಬಂದವರಿಗೂ ಇದೇ. ಮದುವೆಗೆ ಕರೆಯಲು ಬಂದ ನೆಂಟನ ಕೈಗೂ ಒಂದು ಕೊಟ್ಟಳು. ಅವನು ಬಿಳಿ ಅಂಗಿಯ ಮೇಲೆ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಹೋದ. ನಾನು ತುಂಬು ಬಸುರಿ ಇದ್ದಾಗ ಏದುಸಿರು ಬಿಡುತ್ತಾ ನಿಂತರೆ, "ಸಣ್ಣದು ತಗೊಳ್ಳೇ" ಎಂದಳು. ನನಗೆ ಸಿಕ್ಕ ರಿಯಾಯಿತಿ ಅಷ್ಟೇ.

ನಾಲ್ಕನೇ ವರ್ಷ ಬೆರಳು ಹೋದದ್ದು. ಕೆಂಪು ಕಲ್ಲು, ಮಧ್ಯಕ್ಕೆ ದಾರ ಕಟ್ಟಿದ ಹಾಗೆ ಒಂದು ಬಿಳಿ ಪಟ್ಟೆ. ಅತ್ತೆ ಕೈ ಒಳಗೆ ಹಾಕಿ ಬುಡದ ಮಣ್ಣು ತೆಗೆಯುತ್ತಿದ್ದಳು. ನನ್ನ ಗಂಡನ ಹಾರೆ ಜಾರಿತು. ಕಲ್ಲು ಕೂತಿತು. ನಾಲ್ಕು ಜನ ಸೇರಿ ಎತ್ತಿದೆವು. ಆಸ್ಪತ್ರೆಯಲ್ಲಿ ಎರಡು ಬೆರಳು ಕತ್ತರಿಸಿ ಬಟ್ಟೆ ಸುತ್ತಿ ಕಳಿಸಿದರು. ನನ್ನ ಗಂಡ ಒಂದು ವಾರ ಗೋಡೆಗೆ ಮುಖ ಮಾಡಿ ಕೂತ. ಅತ್ತೆ ಆರನೇ ದಿನ ಹೊಲಕ್ಕೆ ಬಂದಳು. ಆ ಕಲ್ಲನ್ನು ಕಾಲಿನಿಂದ ಒದ್ದಳು. "ಬೆರಳು ತಿಂದ ಮುಂಡೇದು" ಎಂದು ಬೈದಳು. ಅದನ್ನೂ ಗುಡ್ಡೆಗೆ ಹಾಕಿಸಿದಳು. ಮಗನಿಗೆ ಒಂದು ಮಾತೂ ಅನ್ನಲಿಲ್ಲ.

ಐದನೇ ವರ್ಷ ಜೋಳ ಬಂತು. ಮೊಣಕಾಲೆತ್ತರ, ತೆನೆ ಹೆಬ್ಬೆರಳಿನಷ್ಟು. ಆದರೂ ಬಂತು. ನಾವೆಲ್ಲ ಅಂಚಿನಲ್ಲಿ ಕೂತು ಸುಮ್ಮನೆ ನೋಡಿದೆವು. ಒಬ್ಬರಿಗೂ ಎದ್ದು ಮನೆಗೆ ಹೋಗಲು ಮನಸ್ಸಿಲ್ಲ. ಎಂಟನೇ ವರ್ಷಕ್ಕೆ ಆಳೆತ್ತರ ಬೆಳೆಯಿತು. ಅಂಚಿನ ಕಲ್ಲುಗುಡ್ಡೆಯೂ ನಮ್ಮ ಮನೆಗಿಂತ ಎತ್ತರಕ್ಕೆ ಬೆಳೆದಿತ್ತು.

ಆಗ ಒಬ್ಬ ಕಂಟ್ರಾಕ್ಟರು ಲಾರಿ ತಂದ. ಪೇಟೆಯಲ್ಲಿ ಹೊಸ ಭೂಮಿ ಆಫೀಸು ಕಟ್ಟುತ್ತಿದ್ದರು. ಅದರ ಕಾಂಪೌಂಡಿಗೆ ಕಲ್ಲು ಬೇಕಿತ್ತು. "ಈ ಗುಡ್ಡೆ ನಿಮಗೆ ಅಡ್ಡ ಅಲ್ವಾ? ನಾನು ಸುಮ್ನೆ ಸಾಗಿಸಿಕೊಡ್ತೀನಿ, ನೀವು ಒಂದು ಪೈಸೆ ಕೊಡೋದು ಬೇಡ" ಎಂದ. ನಾವು ಖುಷಿಪಟ್ಟೆವು. ಹುಚ್ಚು ಮುಂಡೇವು! ಐದು ದಿನ ನಾವೇ ಲಾರಿಗೆ ತುಂಬಿದೆವು. ಅವನ ಡ್ರೈವರಿಗೆ ಚಹಾ ಕಾಸಿ ಕೊಟ್ಟೆವು. ಕೊನೆಯ ಲಾರಿ ಹೊರಟಾಗ ಅತ್ತೆ ಕೈ ಬೀಸಿದಳು. ಒಂದು ಚೀಟಿ ಬರೆಸಿಕೊಳ್ಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಹೊಲ ದೊಡ್ಡದಾಯಿತಲ್ಲ, ಅಷ್ಟೇ ನಮಗೆ.

ಹೋದ ವರ್ಷ ಕಾನೂನು ಬಂತು. ಕಾನೂನನ್ನು ನಾನು ಬೈಯುವುದಿಲ್ಲ. ಒಳ್ಳೆಯ ಕಾನೂನು. ನಾನು ಏಳನೇ ಕ್ಲಾಸು ಓದಿದವಳು, ಆಫೀಸಿನ ಬೋರ್ಡಿನ ಮುಂದೆ ನಿಂತು ನಾನೇ ಓದಿದೆ. "ಹತ್ತು ವರ್ಷಕ್ಕೂ ಹೆಚ್ಚು ಕಾಲ ಸ್ವಂತ ದುಡಿಮೆಯಿಂದ ಕಲ್ಲುಭೂಮಿಯನ್ನು ಸಾಗುವಳಿಗೆ ತಂದಿರುವ ಭೂರಹಿತರಿಗೆ ಸದರಿ ಭೂಮಿಯನ್ನು ಅವರ ಹೆಸರಿಗೆ ಮಾಡಿಕೊಡತಕ್ಕದ್ದು." ಮೂರು ಸಲ ಓದಿದೆ. ನಮ್ಮನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. "ಮೂಲತಃ ಉತ್ತಮ ದರ್ಜೆಯ ಭೂಮಿಯಾಗಿದ್ದಲ್ಲಿ ಈ ನಿಯಮ ಅನ್ವಯಿಸುವುದಿಲ್ಲ, ಅಂತಹ ಭೂಮಿಯನ್ನು ಗುತ್ತಿಗೆಗೆ ನೀಡತಕ್ಕದ್ದು." ಅದು ನಮಗಲ್ಲ ಎಂದು ಬಿಟ್ಟುಬಿಟ್ಟೆ. ಆ ಸಣ್ಣ ಸಾಲನ್ನು ದಣಿಯೂ ಓದಿದ್ದ. ಅವನು ಅದನ್ನು ಬಿಡಲಿಲ್ಲ.

ಸಾಹೇಬರು ನೆಲ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಅರ್ಜಿಗೆ ತಿಂಗಳ ಕೊನೆಯ ದಿನ ಗಡುವು. ಸಾಹೇಬರು ಬರುವ ಹಿಂದಿನ ವಾರ ದಣಿ ತಾನಾಗಿ ಕೇರಿಗೆ ಬಂದ. ಅವನು ಕೇರಿಗೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಸಾಹೇಬ್ರು ಬರೋದು ಅಂದ್ರೆ ಸುಮ್ನೆನಾ? ಮನೆಗೆ ಬೀಗರು ಬಂದ ಹಾಗೆ. ಚೊಕ್ಕ ಮಾಡ್ಕೊಳ್ರಪ್ಪ. ಅಂಚಿನಲ್ಲಿ ಇನ್ನೂ ಕಲ್ಲು ಬಿದ್ದಿದೆಯಲ್ಲ, ಅವರ ಜೀಪು ಎಲ್ಲಿ ನಿಲ್ಲತ್ತೆ? ನನ್ನ ಟ್ರ್ಯಾಕ್ಟರ್ ಕಳಿಸ್ತೀನಿ."

ನನ್ನ ಗಂಡ ಕೈ ಮುಗಿದ. ನಾನೂ ಮುಗಿದೆ. ಸುಳ್ಳು ಯಾಕೆ ಹೇಳಲಿ, ಆವತ್ತು ಈ ಗಟ್ಟಿಬಾಯಿಯ ಬಾಯಿಯೂ ಮುಚ್ಚಿತ್ತು.

ನಾಲ್ಕು ವರ್ಷದಲ್ಲಿ ಮತ್ತೆ ಕಿತ್ತು ಹಾಕಿದ್ದ ಕಲ್ಲನ್ನೆಲ್ಲ ಅವನ ಟ್ರ್ಯಾಕ್ಟರಿಗೆ ತುಂಬಿದೆವು. ಅವನ ಕೊಟ್ಟಿಗೆಯ ಹಿಂದೆ ಸುರಿದು ಬಂದೆವು. ಅಷ್ಟಕ್ಕೆ ಸುಮ್ಮನಾದೆವೇ? ಇಲ್ಲ. ಹನ್ನೊಂದು ಮನೆಯ ಹೆಂಗಸರು ಪೊರಕೆ ಹಿಡಿದು ಹೊಲ ಗುಡಿಸಿದೆವು. ಹೊಲವನ್ನು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ನಮ್ಮಂಥವರನ್ನು ನೋಡಿಯೇ. ಅತ್ತೆ ಬಗ್ಗಿಕೊಂಡು, ಕಡಲೆಕಾಳಿನಷ್ಟು ಸಣ್ಣ ಕಲ್ಲನ್ನೂ ಮೂರು ಬೆರಳಲ್ಲಿ ಆರಿಸಿ ಸೆರಗಿಗೆ ಹಾಕಿಕೊಂಡಳು. ಇಪ್ಪತ್ತೆರಡು ಎಕರೆ ಆರಿಸಿಟ್ಟ ಅಕ್ಕಿಯ ಹಾಗಾಯಿತು.

ಸಾಹೇಬರು ಬಂದರು. ಜೀಪು ಆರಾಮಾಗಿ ನಿಂತಿತು. ದಣಿ ಅವರ ಪಕ್ಕದಲ್ಲೇ ಇದ್ದ. ಗುಮಾಸ್ತ ಹಿಂದೆ ಪುಸ್ತಕ ಹಿಡಿದಿದ್ದ. ಅತ್ತೆ ಚೊಂಬಿನಲ್ಲಿ ನೀರು ಹಿಡಿದು ಮುಂದೆ ಹೋದಳು. ಸಾಹೇಬರು ಚೊಂಬು ನೋಡಿದರು, ಅದನ್ನು ಹಿಡಿದ ಕೈ ನೋಡಿದರು, ಬೇಡ ಎಂದು ತಲೆಯಾಡಿಸಿದರು. ಜೀಪಿನಲ್ಲಿ ಬಾಟಲಿ ಇತ್ತು. ಅತ್ತೆ ಚೊಂಬು ಹಿಡಿದುಕೊಂಡೇ ನಿಂತಳು.

ಅವರು ಬೂಟಿನ ತುದಿಯಲ್ಲಿ ಮಣ್ಣು ಕೆದಕಿದರು. ಬಗ್ಗಿ ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿದರು.

"ಎಲ್ಲಯ್ಯ ಕಲ್ಲು?"

ನನ್ನ ಗಂಡ ಹೆಮ್ಮೆಯಿಂದ ಹೇಳಿದ. "ಒಂದೂ ಇಲ್ಲ ಸಾಹೇಬ್ರೇ. ಎಲ್ಲಾ ತೆಗ್ದಿದೀವಿ."

"ಇದು ಫಸ್ಟ್ ಕ್ಲಾಸ್ ಮಣ್ಣಲ್ವಾ?"

"ಹೌದು ಸಾಹೇಬ್ರೇ. ಚಿನ್ನದಂಥ ಮಣ್ಣು."

"ಬರ್ಕೊಳ್ಳಿ" ಎಂದರು ಗುಮಾಸ್ತನಿಗೆ. "ಸ್ಥಳದಲ್ಲಿ ಕಲ್ಲು ಕಂಡುಬಂದಿಲ್ಲ. ಮೂಲತಃ ಉತ್ತಮ ದರ್ಜೆ. ಭೂಮಿ ಉತ್ತಮ ದರ್ಜೆಯದೆಂದು ಸ್ಥಳದಲ್ಲಿದ್ದವರೇ ಒಪ್ಪಿರುತ್ತಾರೆ."

ಬೋರ್ಡಿನ ಆ ಸಣ್ಣ ಸಾಲು ನನ್ನ ಕಣ್ಣ ಮುಂದೆ ಬಂತು. "ಸಾಹೇಬ್ರೇ, ಇದು ಕಲ್ಲಿನ ಗುಡ್ಡ ಆಗಿತ್ತು. ಹನ್ನೆರಡು ವರ್ಷ ಹೊತ್ತಿದೀವಿ" ಎಂದೆ.

"ಹೊತ್ತಿದ್ದಕ್ಕೆ ದಾಖಲೆ ಇದೆಯಾ?"

"ಈ ಕೈ ನೋಡಿ." ಅತ್ತೆಯ ಕೈ ಹಿಡಿದು ಎತ್ತಿ ತೋರಿಸಿದೆ.

"ಏಯ್, ಅದನ್ನೇನು ನನಗೆ ತೋರಿಸ್ತೀಯಾ? ಕಾಗದ ತೋರಿಸು. ಇಲ್ಲಿ ಕಲ್ಲಿತ್ತು, ಅದನ್ನ ನೀವೇ ಕಿತ್ರಿ, ಹತ್ತು ವರ್ಷ ಆಯ್ತು. ಮೂರಕ್ಕೂ ಕಾಗದ ಬೇಕು. ಇಲ್ಲ ಅಂದ್ರೆ ಗುತ್ತಿಗೆಗೆ ಹೋಗತ್ತೆ."

ದಣಿ ದೂರದ ಗುಡ್ಡ ನೋಡುತ್ತಿದ್ದ. ಅವನ ಗುತ್ತಿಗೆ ಅರ್ಜಿ ಆಗಲೇ ಸಾಹೇಬರ ಮೇಜಿನ ಮೇಲಿದೆ ಎಂದು ಗುಮಾಸ್ತ ಆಮೇಲೆ ಹೇಳಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇಲ್ಲಿ ಪೂಜಾರಿ ಇನ್ನೊಬ್ಬರಿಗೆ ಕೊಟ್ಟೇ ಬಂದಿದ್ದ.

ಗುಮಾಸ್ತ ಒಂದು ಉಪಾಯ ಹೇಳಿದ. ಅವನಿಗೆ ನಮ್ಮ ಮೇಲೆ ಕರುಣೆಯೋ ತಮಾಷೆಯೋ ನನಗೆ ಗೊತ್ತಾಗಲಿಲ್ಲ. "ಸಾಹೇಬ್ರನ್ನ ಇನ್ನೊಂದ್ಸಲ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ಒಂದಿಷ್ಟು ಕಲ್ಲು ತಂದು ಚೆಲ್ಲಿ. ಕಲ್ಲಿದ್ದ ಗುರುತಾದ್ರೂ ಕಾಣಬೇಕಲ್ಲ."

ಕಲ್ಲು ಎಲ್ಲಿಂದ ತರುವುದು? ದಣಿಯ ಕೊಟ್ಟಿಗೆಯ ಹಿಂದಿತ್ತು. ನನ್ನ ಗಂಡ ಹೋಗಿ ಕೇಳಿದ. ದಣಿ ನಕ್ಕನಂತೆ. "ತಗೊಂಡು ಹೋಗ್ರಪ್ಪ, ನನಗ್ಯಾಕೆ. ಹನ್ನೊಂದು ಮನೆಯವರೂ ನಾಲ್ಕು ದಿನ ಬಿಟ್ಟಿ ಬನ್ನಿ, ಎರಡು ಟ್ರ್ಯಾಕ್ಟರ್ ಕಲ್ಲು ಕೊಡ್ತೀನಿ" ಎಂದನಂತೆ.

ನಾಲ್ಕು ದಿನ ಬಿಟ್ಟಿ ಮಾಡಿದೆವು. ಅವನ ತಿಪ್ಪೆ ಬಗೆದು, ಹೊಲಕ್ಕೆ ಗೊಬ್ಬರ ಹೊತ್ತೆವು. ಗೊಬ್ಬರದ ನೀರು ಬುಟ್ಟಿಯಿಂದ ಸೋರಿ ಕಿವಿಯ ಹಿಂದೆ ಇಳಿದು, ಕುಪ್ಪಸದೊಳಗೆ ಹೋಗುತ್ತಿತ್ತು. ನಮ್ಮದೇ ಕಲ್ಲು ವಾಪಸು ಪಡೆಯಲು, ನಮ್ಮದೇ ಹೊಲ ಹಾಳು ಮಾಡಲು, ನಾವು ಅವನ ಹೊಲಕ್ಕೆ ಗೊಬ್ಬರ ಹೊರುತ್ತಿದ್ದೆವು. ಯೋಚಿಸಿದರೆ ತಲೆ ಕೆಡುತ್ತಿತ್ತು. ಯೋಚಿಸದೆ ಹೊತ್ತೆ. ಅತ್ತೆಗೆ ಇದನ್ನು ಹೇಳಿರಲಿಲ್ಲ. ಕೂಲಿ ಎಂದಷ್ಟೇ ಹೇಳಿದ್ದೆವು.

ಐದನೇ ದಿನ ಬೆಳಿಗ್ಗೆ ಟ್ರ್ಯಾಕ್ಟರು ಹೊಲದ ಅಂಚಿಗೆ ಬಂತು. ಅತ್ತೆ ಅಲ್ಲಿದ್ದಳು. ಹಿಂದೆ ತುಂಬಿದ್ದ ಕಲ್ಲು ನೋಡಿದಳು.

"ಎಲ್ಲಿಗೆ ಇದು?"

ನನ್ನ ಗಂಡ ನೆಲ ನೋಡಿದ. ನಾನೇ ಹೇಳಿದೆ.

"ಒಳಗೆ ಹಾಕ್ತೀರಾ?"

"ಅತ್ತೆ, ಗುರುತಿಗೆ. ಸಾಹೇಬ್ರು ನೋಡ್ಕೊಂಡು ಹೋದ ಮೇಲೆ ಮತ್ತೆ ತೆಗೆಯೋಣ."

ಅವಳು ನಡೆದು ಹೋಗಿ ಟ್ರ್ಯಾಕ್ಟರಿನ ದಾರಿಗೆ ಅಡ್ಡ ಮಲಗಿದಳು. ಬೆನ್ನು ನೆಟ್ಟಗಾಗುವುದಿಲ್ಲ ಅವಳಿಗೆ, ಹಾಗಾಗಿ ಪಕ್ಕಕ್ಕೆ ಮುದುಡಿ ಮಲಗಿದಳು.

"ಅಮ್ಮಾ, ಏಳಮ್ಮ" ಎಂದ ನನ್ನ ಗಂಡ. "ಭೂಮಿ ಹೋಗತ್ತಮ್ಮಾ. ಎರಡು ಗಾಡಿ ಕಲ್ಲಿಗೆ ಭೂಮಿ ಹೋಗತ್ತೆ."

"ಹೋದ್ರೆ ಹೋಗ್ಲಿ. ಕಲ್ಲು ಇಲ್ಲಿಂದ ಹೊರಗೆ ಹೋಗತ್ತೆ, ಒಳಗೆ ಬರಲ್ಲ. ನನ್ನ ಮೇಲೆ ಹತ್ತಿಸಿಕೊಂಡು ಹೋಗು. ಆಗಲೇ ಎರಡು ಬೆರಳು ತಗೊಂಡಿದೀಯ, ಉಳಿದದ್ದೂ ತಗೋ."

ಎಂಟು ವರ್ಷ ಅನ್ನದ ಮಾತನ್ನು ಆವತ್ತು ಅಂದಳು. ನನ್ನ ಗಂಡ ಅಲ್ಲೇ ಕುಸಿದು ಕೂತು, ಮಕ್ಕಳ ಹಾಗೆ ಅತ್ತ. ನನಗೂ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಸರಿಯಾಗಿ ತಿಳಿಯಲಿಲ್ಲ. ಟ್ರ್ಯಾಕ್ಟರಿನವನಿಗೆ, "ತಿರುಗಿಸು ಗಾಡಿ, ನಿನ್ನ ದಣಿ ತಲೆ ಮೇಲೆ ಸುರಿ" ಎಂದು ಕೂಗಿದೆ. ಅವನು ಬದುಕಿದೆಯಾ ಬಡಜೀವವೇ ಎಂದು ತಿರುಗಿಸಿಕೊಂಡು ಹೋದ.

ತಿಂಗಳ ಕೊನೆಯ ದಿನ ಹನ್ನೊಂದು ಮನೆಯವರೂ ಪೇಟೆಗೆ ಹೋದೆವು. ಅರ್ಜಿಗಳನ್ನು ನಾನೇ ತುಂಬಿದ್ದೆ. ಆಫೀಸಿನಲ್ಲಿ ಕಿಟಕಿಯ ಹಿಂದೆ ಗುಮಾಸ್ತ ಕೂತಿದ್ದ. ಒಂದೊಂದನ್ನೇ ತಿರುವಿ ನೋಡಿ, ವಾಪಸು ತಳ್ಳಿದ.

"ಲಗತ್ತು ಎಲ್ಲಮ್ಮ? ಒಂಬತ್ತನೇ ಕಾಲಮ್ಮು ಖಾಲಿ. ಸಾಗುವಳಿ ದಾಖಲೆ ಇಲ್ದೆ ನಾನು ಮುದ್ರೆ ಒತ್ತಕ್ಕಾಗಲ್ಲ. ಐದು ಗಂಟೆಗೆ ಕಿಟಕಿ ಮುಚ್ತೀನಿ."

"ಕಲ್ಲು ಹೊತ್ತವರಿಗೆ ಯಾರ್ರೀ ದಾಖಲೆ ಕೊಡ್ತಾರೆ?"

"ಅದು ನನಗೇನು ಗೊತ್ತು?"

ಗಡಿಯಾರ ನೋಡಿದೆ. ಎರಡು ಗಂಟೆ. ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ಕೂಗು ಕೇಳಿತು. ಬಿದ್ದಳೇನೋ ಎಂದು ಓಡಿದೆ.

ಬಿದ್ದಿರಲಿಲ್ಲ. ಬೆನ್ನು ನೋವು ತಡೆಯದೆ ಕಾಂಪೌಂಡು ಗೋಡೆಗೆ ಒರಗಿ ಕೂತಿದ್ದಳಂತೆ. ಈಗ ಗೇಟಿನ ಪಕ್ಕ ಗೋಡೆಗೆ ಮುಖ ಮಾಡಿ ಕೂತು, ಒಂದು ಕಲ್ಲನ್ನು ಮೂರು ಬೆರಳಲ್ಲಿ ಸವರುತ್ತಿದ್ದಳು. ಕೆಂಪು ಕಲ್ಲು. ಮಧ್ಯಕ್ಕೆ ಬಿಳಿ ಪಟ್ಟೆ.

"ಲೇ, ನೋಡೇ ಇಲ್ಲಿ. ನನ್ನ ಬೆರಳು ತಿಂದ ಮುಂಡೇದು. ಇಲ್ಲಿ ಬಂದು ಕೂತಿದೆ, ಸಾಹೇಬ್ರ ಹಾಗೆ."

ನಾನು ಗೋಡೆ ನೋಡಿದೆ. ಒಂದು ಕಲ್ಲಲ್ಲ. ಆ ತುದಿಯಿಂದ ಈ ತುದಿಯವರೆಗೆ ನಮ್ಮವೇ. ನನ್ನ ನೆತ್ತಿಗೆ ಗೊತ್ತಿದ್ದವು. ಮೂಲೆಯದನ್ನು ಹೊತ್ತ ದಿನ ನನಗೆ ಹೆರಿಗೆ ನೋವು ಶುರುವಾಗಿತ್ತು. ಕಲ್ಲೇ ಇರಲಿಲ್ಲ ಎಂದು ಬರೆದ ಸಾಹೇಬರು ನಮ್ಮ ಕಲ್ಲಿನ ಗೋಡೆಯ ಒಳಗೆ ಫ್ಯಾನಿನ ಕೆಳಗೆ ಕೂತಿದ್ದರು. ಅವರು ದಿನಾ ಆ ಗೋಡೆ ದಾಟಿಯೇ ಒಳಗೆ ಹೋಗುತ್ತಾರೆ.

ಅತ್ತೆ ಕೇಳಿದಳು, "ದಾಖಲೆ ಬೇಕು ಅಂದ್ರಾ?"

"ಹೂಂ."

"ಇದೇ ತಗೊಂಡು ಹೋಗಿ ಕೊಡು."

ನಾನು ಬಿಳಿ ಪಟ್ಟೆಯ ಕಲ್ಲಿಗೆ ಕೈ ಹಾಕಿ ಎಳೆದೆ. ಬರುವುದಿಲ್ಲ ಎಂದುಕೊಂಡಿದ್ದೆ. ಅಲುಗಾಡಿತು. ಕಂಟ್ರಾಕ್ಟರು ಸಿಮೆಂಟನ್ನು ಗೋಡೆಗೆ ತೋರಿಸಿ ವಾಪಸು ತಗೊಂಡು ಹೋಗಿದ್ದನೇನೋ! ಒಳಗೆಲ್ಲ ಬರೀ ಮಣ್ಣು. ನನ್ನ ಗಂಡ ಬಂದು ಪಕ್ಕದಲ್ಲಿ ಕೂತ. ಆ ಕಡೆಯಿಂದ ತಳ್ಳಿದ. ಕಲ್ಲು ಬಂತು. ಅದರ ಮೇಲಿನ ನಾಲ್ಕು ಹಿಂದೆಯೇ ಉರುಳಿದವು. ಉಳಿದವರು ಕಾದು ನಿಲ್ಲಲಿಲ್ಲ. ಹನ್ನೆರಡು ವರ್ಷ ಮಾಡಿದ ಕೆಲಸ, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೆರಗು ಸುತ್ತಿ ಸಿಂಬಿ ಮಾಡಿಕೊಂಡೆವು. ಒಬ್ಬೊಬ್ಬರೂ ಒಂದೊಂದು ಕಲ್ಲು ಹೊತ್ತು ಮೆಟ್ಟಿಲು ಹತ್ತಿ, ವರಾಂಡ ದಾಟಿ, ಗುಮಾಸ್ತನ ಕಿಟಕಿಯ ಕೆಳಗೆ ಇಳಿಸಿದೆವು. ಬಿಳಿ ಪಟ್ಟೆಯದನ್ನು ಕಿಟಕಿಯ ಕಟ್ಟೆಯ ಮೇಲೇ ಇಟ್ಟೆ.

"ಒಂಬತ್ತನೇ ಕಾಲಮ್ಮು" ಎಂದೆ.

ಸಾಹೇಬರು ಹೊರಗೆ ಬಂದರು. ಮುಖ ಕೆಂಪಾಗಿತ್ತು. "ಏನಿದು? ಸರ್ಕಾರಿ ಗೋಡೆ ಒಡೀತೀರಾ? ಕಳ್ಳ ನನ್ಮಕ್ಕಳಾ!"

"ನಮ್ಮ ಕಲ್ಲು ಸಾಹೇಬ್ರೇ."

"ನಿಮ್ಮ ಕಲ್ಲಾ? ನಿಮಗೆಲ್ಲಿಂದ ಬಂತು ಕಲ್ಲು? ಒಳಗೆ ಹಾಕಿಸ್ತೀನಿ ಒಬ್ಬೊಬ್ಬರನ್ನೂ!"

ಪೊಲೀಸ್ ಠಾಣೆ ರಸ್ತೆಯ ಆಚೆಗೇ. ನಮ್ಮನ್ನು ಸಾಲಾಗಿ ನಡೆಸಿಕೊಂಡು ಹೋದರು. ಗಂಡಸರಲ್ಲಿ ಇಬ್ಬರಿಗೆ ದಾರಿಯಲ್ಲೇ ಕಪಾಳಕ್ಕೆ ಬಿತ್ತು. ಒಬ್ಬ ನನ್ನ ಗಂಡ. ಬಿಳಿ ಪಟ್ಟೆಯ ಕಲ್ಲನ್ನು ಒಬ್ಬ ಪೇದೆ ಹೊಟ್ಟೆಗೆ ಅವುಚಿಕೊಂಡು ಹಿಂದೆ ಬಂದ. ಠಾಣೆಯಲ್ಲಿ ನಮ್ಮನ್ನು ನೆಲದಲ್ಲಿ ಕೂರಿಸಿದರು. ಬೆಂಚು ಖಾಲಿ ಇತ್ತು. ಸಾಹೇಬರು ದೂರು ಕೊಡಲು ಜೀಪಿನಲ್ಲಿ ಬಂದರು.

ದೂರು ಬರೆದುಕೊಳ್ಳುವವನು ವಯಸ್ಸಾದ ಪೊಲೀಸು. ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿದ್ದ. ನಮ್ಮನ್ನು ಕೇಳಿದ, "ಯಾಕಮ್ಮ ಕಿತ್ರಿ?"

"ನಮ್ಮ ಕಲ್ಲು. ನಾವು ಹೊತ್ತದ್ದು."

ಅವನು ಸಾಹೇಬರ ಕಡೆ ತಿರುಗಿದ. "ಸರ್, ಕಳ್ಳತನ ಅಂತ ಬರೀಬೇಕಾದ್ರೆ ವಸ್ತು ನಮ್ಮದು ಅಂತ ಆಗಬೇಕು. ಇವರು ತಮ್ಮದು ಅಂತಾರೆ. ಕಂಟ್ರಾಕ್ಟರು ಕಲ್ಲು ಎಲ್ಲಿಂದ ತಂದ, ಬಿಲ್ಲು ಇದೆಯಾ?"

ಬಿಲ್ಲು ಇತ್ತೋ ಇಲ್ಲವೋ, ಇದ್ದರೆ ಅದರಲ್ಲಿ ಏನಿತ್ತೋ, ನನಗೆ ಗೊತ್ತಿಲ್ಲ. ಅದನ್ನು ಯಾರಾದರೂ ತೆಗೆದು ನೋಡುವುದು ಸಾಹೇಬರಿಗೆ ಬೇಡವಾಗಿತ್ತು. ಅಷ್ಟು ಅವರ ಮುಖದಲ್ಲೇ ಕಂಡಿತು.

"ಬಿಲ್ಲು ಯಾಕ್ರೀ? ಸರ್ಕಾರಿ ಭೂಮಿ ಕಲ್ಲು, ಸರ್ಕಾರದ್ದೇ."

ನಾನು ಬಾಯಿ ಬಿಟ್ಟೆ. "ಯಾವ ಭೂಮಿ ಸಾಹೇಬ್ರೇ? ನಮ್ಮ ಹೊಲದಲ್ಲಿ ಕಲ್ಲೇ ಇರಲಿಲ್ಲ ಅಂತ ನೀವೇ ಬರೆಸಿದ್ರಿ. ಹಾಗಾದ್ರೆ ಇದು ಎಲ್ಲಿಂದ ಬಂತೋ. ಆಕಾಶದಿಂದ ಬಿದ್ದಿರಬೇಕು. ಬಿದ್ದದ್ದು ಸಿಕ್ಕವರದ್ದು."

"ಮುಚ್ಚೇ ಬಾಯಿ! ಗುಡ್ಡದ ಬುಡದ್ದು! ಹನ್ನೆರಡು ವರ್ಷದಿಂದ ಅಕ್ರಮವಾಗಿ ಒಳಗೆ ನುಗ್ಗಿ ಕಿತ್ತಿದೀರಿ ನೀವು! ಬರ್ಕೊಳ್ರೀ. ಬಿಡಬೇಡಿ. ಒಂದೊಂದೂ ಬರ್ಕೊಳ್ಳಿ."

ಮುದಿ ಪೊಲೀಸು ಪೆನ್ನು ಎತ್ತಿ ಒಂದು ಸಲ ನನ್ನನ್ನು ನೋಡಿದ. ಆಮೇಲೆ ಸಾಹೇಬರನ್ನು ನೋಡಿದ. ಬರೆದ. ಬರೆದದ್ದನ್ನು ನಿಧಾನಕ್ಕೆ, ಒಂದೊಂದು ಅಕ್ಷರ ಬಿಡಿಸಿ ಓದಿದ.

"ಸದರಿ ಹನ್ನೊಂದು ಕುಟುಂಬದವರು ಗುಡ್ಡದ ಬುಡದ ಇಪ್ಪತ್ತೆರಡು ಎಕರೆ ಸರ್ಕಾರಿ ಕಲ್ಲುಭೂಮಿಯನ್ನು ಕಳೆದ ಹನ್ನೆರಡು ವರ್ಷಗಳಿಂದ ಅನಧಿಕೃತವಾಗಿ ಪ್ರವೇಶಿಸಿ, ಸಾಗುವಳಿ ಮಾಡುವ ಉದ್ದೇಶದಿಂದ ಅಲ್ಲಿನ ಕಲ್ಲುಗಳನ್ನು ತಾವೇ ಕಿತ್ತು ಸಾಗಿಸಿರುತ್ತಾರೆ. ಸದರಿ ಕಲ್ಲುಗಳು ಸರ್ಕಾರಿ ಸ್ವತ್ತಾಗಿದ್ದು, ಈ ದಿನ ಅವುಗಳನ್ನು ಕಚೇರಿಯ ಗೋಡೆಯಿಂದ ಕದ್ದಿರುತ್ತಾರೆ." ಕೆಳಗೆ ನಮ್ಮ ಹೆಸರುಗಳು. ಮನೆ ಯಜಮಾನರದ್ದು, ಹೆಂಗಸರದ್ದು, ಎಲ್ಲರದ್ದೂ. "ಸರಿ ಇದೆಯಾ ಸರ್?"

"ಕೊಡಿ ಇಲ್ಲಿ." ಸಾಹೇಬರು ಸಿಟ್ಟಿನಲ್ಲಿ ಸಹಿ ಮಾಡಿದರು. ಹಾಳೆ ಹರಿಯುವಷ್ಟು ಒತ್ತಿ ಮಾಡಿದರು. ಜೀಪು ಹತ್ತಿ ಹೋದರು.

ಕಲ್ಲಿತ್ತು. ನಾವೇ ಕಿತ್ತೆವು. ಹನ್ನೆರಡು ವರ್ಷ. ನಾನು ಬೆರಳು ಮಡಚಿ ಎಣಿಸಿಕೊಂಡೆ. ಮೂರೂ ಇತ್ತು.

"ಅಪ್ಪಾ, ನನಗೊಂದು ಪ್ರತಿ ಬೇಕು" ಎಂದೆ.

ಅವನು ಕನ್ನಡಕ ತೆಗೆದು ಒರೆಸಿದ. "ಆರೋಪಿಗಳಿಗೆ ಒಂದು ಪ್ರತಿ ಕೊಡಲೇಬೇಕು. ಅದೂ ಕಾನೂನೇ" ಎಂದ. ನಗಲಿಲ್ಲ. ಪ್ರತಿಯ ಮೇಲೆ ಠಾಣೆಯ ಮುದ್ರೆ ಹಾಕಿ ಕೊಟ್ಟ. ಕೇಸು ನಡೆಯುತ್ತದೆ, ಕರೆದಾಗ ಬರಬೇಕು ಎಂದು ಎಲ್ಲರಿಂದಲೂ ಹೆಬ್ಬೆಟ್ಟು ತೆಗೆದುಕೊಂಡ. ಅತ್ತೆಯ ಎಡಗೈ ಹೆಬ್ಬೆಟ್ಟು ಕೇಳಿದ. ಅದು ಇತ್ತು.

ಬಿಳಿ ಪಟ್ಟೆಯ ಕಲ್ಲಿಗೆ ಚೀಟಿ ಕಟ್ಟಿ ಬೀರುವಿನ ಪಕ್ಕ ಇಡುತ್ತಿದ್ದರು. ಅತ್ತೆ ಪೇದೆಗೆ ಹೇಳಿದಳು, "ಹುಷಾರಾಗಿ ಇಡಪ್ಪ. ಅದು ಬೆರಳು ತಿನ್ನತ್ತೆ."

ಎದುರಿನ ಅಂಗಡಿಯಲ್ಲಿ ಹನ್ನೊಂದು ಜೆರಾಕ್ಸ್ ಮಾಡಿಸಿದೆ. ಕಿಟಕಿಗೆ ಹೋದಾಗ ಐದಕ್ಕೆ ಹತ್ತು ನಿಮಿಷವಿತ್ತು. ನೆಲದಲ್ಲಿ ಕಲ್ಲುಗಳು ಹಾಗೇ ಇದ್ದವು. ಗುಮಾಸ್ತ ಕಾಲು ಮೇಲೆತ್ತಿ ಕೂತಿದ್ದ.

"ಇದೇನಮ್ಮ?"

"ಲಗತ್ತು."

ಓದಿದ. "ಇದು ಪೊಲೀಸ್ ಕೇಸು ಕಣಮ್ಮ. ನಿಮ್ಮನ್ನ ಕಳ್ಳರು ಅಂತ ಬರ್ದಿದೆ."

"ಗೊತ್ತು. ಕೆಳಗೆ ಸಹಿ ಯಾರದು ನೋಡಿ."

ನೋಡಿದ. ಸಾಹೇಬರ ಕೋಣೆಯ ಬಾಗಿಲ ಕಡೆ ನೋಡಿದ. ಬೀಗ ಹಾಕಿತ್ತು. ಗುಮಾಸ್ತನ ಬಾಯಿಯಲ್ಲಿ ಬಿಸಿ ತುಪ್ಪ. "ಸಾಹೇಬ್ರನ್ನ ಕೇಳ್ಬೇಕು" ಎಂದ.

"ಸಹಿ ಸುಳ್ಳು ಅಂತ ಬರ್ದು ಕೊಡಿ, ಹೋಗ್ತೀವಿ. ನಿಜ ಅಂದ್ರೆ ಮುದ್ರೆ ಒತ್ತಿ."

ನನ್ನ ಹಿಂದೆ ಮೂವತ್ತು ಜನ ನಿಂತಿದ್ದರು. ಗಡಿಯಾರದ ಮುಳ್ಳಿನ ಸದ್ದು ಕೇಳುತ್ತಿತ್ತು. ಅವನು ಮುದ್ರೆ ತೆಗೆದುಕೊಂಡ. ಹನ್ನೊಂದು ಸಲ ಒತ್ತಿದ. ಪ್ರತಿ ಸಲವೂ ಮೇಜು ಅಲುಗಾಡಿತು.

ಭೂಮಿ ಸಿಗುತ್ತದೋ ಜೈಲು ಸಿಗುತ್ತದೋ ಗೊತ್ತಿಲ್ಲ. ಎರಡಕ್ಕೂ ಅದೇ ಕಾಗದ. ದಣಿ ಸುಮ್ಮನಿರುವವನಲ್ಲ, ಸಾಹೇಬರೂ ಅಲ್ಲ. ಸಹಿಯನ್ನು ಹೇಗೆ ನುಂಗುವುದು ಎಂದು ಇಬ್ಬರೂ ಕೂತು ಯೋಚಿಸುತ್ತಿರಬಹುದು. ಯೋಚಿಸಲಿ.

ಕೇರಿಯ ದಾರಿ ಹಿಡಿದೆವು. ನನ್ನ ಗಂಡ ಅತ್ತೆಯ ತೋಳು ಹಿಡಿದು ನಡೆಸುತ್ತಿದ್ದ. ಅವನ ಕೆನ್ನೆ ಊದಿತ್ತು. ಕಾಗದ ನನ್ನ ಕುಪ್ಪಸದೊಳಗಿತ್ತು. ಅತ್ತೆ ಸ್ವಲ್ಪ ದೂರ ನಡೆದು ನಿಂತಳು.

"ಆ ಕಾಗದದಲ್ಲಿ ನನ್ನ ಹೆಸರಿದೆಯೇನೇ?"

"ಇದೆ ಅತ್ತೆ."

"ಏನಂತ ಬರ್ದಿದಾರೆ?"

"ಕಳ್ಳಿ ಅಂತ."

"ಎಷ್ಟು ವರ್ಷದಿಂದ ಅಂತ?"

"ಹನ್ನೆರಡು ವರ್ಷದಿಂದ."

"ಹಾಂ" ಎಂದಳು. "ಲೆಕ್ಕ ಸರಿಯಾಗಿದೆ."